ಮೊದಲ ನಂಬರಿನ ಓಣಿ

“ನಳದಾಗ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?” ಎಂದು ಕೌಸರ ಕೇಳಿದಳು.

“ಹದಿನಾರು ದಿನ ಆತು, ಇನ್ನೂ ಬಂದಿಲ್ಲ. ಹೋದ ಸರ್ತಿ ಹದಿನೆಂಟಕ್ಕ ಬಂದಿದ್ವು,” ಎಂದಳು ಮಂಜವ್ವ, ಮಗ್ಗದಿಂದ ಕೈ ತೆಗೆಯದೆ.

ಸ್ಮಾರ್ಟ್ ನಗರದ ಸಮೀಕ್ಷೆಯಲ್ಲಿ ಬೆಟಗೇರಿಯ ಈ ನೇಕಾರರ ಓಣಿ ಕೌಸರಳ ಪಾಲಿಗೆ ಬಂದಿತ್ತು. ಅವಳ ಟ್ಯಾಬಿನಲ್ಲಿ ಹದಿನಾರು ಎಂದು ಬರೆಯಲು ಜಾಗವಿರಲಿಲ್ಲ. ಅದರಲ್ಲಿದ್ದ ಆಯ್ಕೆಗಳು ಮೂರೇ: ದಿನಾಲೂ, ದಿನ ಬಿಟ್ಟು ದಿನ, ವಾರಕ್ಕೊಮ್ಮೆ. ಅದರ ಕೆಳಗೆ ‘ಅನ್ವಯಿಸುವುದಿಲ್ಲ’. ಯಾವುದನ್ನಾದರೂ ಒತ್ತದಿದ್ದರೆ ಮುಂದಿನ ಪ್ರಶ್ನೆ ತೆರೆಯುತ್ತಿರಲಿಲ್ಲ. ಸೂಪರ್‌ವೈಸರ್ ಫಕೀರೇಶನಿಗೆ ಫೋನ್ ಹಚ್ಚಿದಳು.

“ಅನ್ವಯಿಸೂದಿಲ್ಲ ಅಂತ ಒತ್ತಿ ಮುಂದ ಹೋಗ್ರಿ ಮೇಡಂ. ಸುಳ್ಳಂತೂ ಅಲ್ಲಲ್ಲ,” ಎಂದ ಆತ.

ನೂರಾ ಹನ್ನೆರಡು ಮನೆಗಳಲ್ಲಿ ನೂರಾ ಒಂಬತ್ತಕ್ಕೆ ಅವಳು ಹಾಗೆಯೇ ಒತ್ತಿದಳು. ಉಳಿದ ಮೂರು ಮನೆಯವರಿಗೆ ಸ್ವಂತ ಬೋರ್‌ವೆಲ್ ಇತ್ತು. ಅವರು ‘ದಿನಾಲೂ’ ಎಂದರು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಅನ್ವಯಿಸದ ಮನೆಗಳನ್ನೆಲ್ಲ ಕೈಬಿಟ್ಟು ಸರಾಸರಿ ತೆಗೆದಿದ್ದರು. ನೀರಿನಲ್ಲಿ ಇಡೀ ಊರಿಗೇ ಈ ಓಣಿ ಮೊದಲು; ದಿನ ಬಿಟ್ಟು ದಿನ ನೀರು ಬರುವ ಹೊಸ ಬಡಾವಣೆ ಕೊನೆ. ಓಣಿಗೆ ಬರಬೇಕಿದ್ದ ಹೊಸ ಪೈಪ್‌ಲೈನು ಆ ಬಡಾವಣೆಗೆ ಹೋಯಿತು.

ಕೌಸರ ಫಲಿತಾಂಶದ ಹಾಳೆ ಹಿಡಿದು ಹೊರಟಳು. ಫಕೀರೇಶನ ಮುಂದೆ ಹೋಗಿ ನಿಂತಳು. “ಸರ್, ಇದನ್ನ ತಿದ್ದಬೇಕ್ರಿ.”

“ಈಗ ಹೆಂಗ ತಿದ್ದೂದು? ನಾಡಿದ್ದು ಬ್ಯಾರೆ ಊರಿನ ಆಫೀಸರ್ ಮಂದಿ ಆ ಓಣಿ ನೋಡಿ ಕಲಿಯಾಕ ಬರಾಕತ್ಯಾರ.”

ಅವರು ಬರುವ ದಿನ ಬೆಳಿಗ್ಗೆ ಅವಳು ತಾನಾಗಿಯೇ ಓಣಿಗೆ ಹೋದಳು. ಅತಿಥಿಗಳ ಕಣ್ಣಿಗೆ ಖಾಲಿ ಕೊಡ ಬೀಳಬಾರದೆಂದು ಯಾರೋ ಎರಡು ಟ್ಯಾಂಕರ್ ಕಳಿಸಿದ್ದರು. ಕೊಡ, ಬಕೇಟು ತುಂಬಿ, ಹೆಂಗಸರು ಹಿಟ್ಟಿನ ಡಬ್ಬಿಗಳನ್ನೂ ತೊಳೆದು ತಂದು ಹಿಡಿದಿದ್ದರು. ಮಂಜವ್ವ ಒದ್ದೆಯಾದ ಸೆರಗು ಹಿಂಡುತ್ತ ನಿಂತಿದ್ದಳು.

“ಯವ್ವಾ, ತಪ್ಪು ನಂದ್ರಿ,” ಎಂದು ಕೌಸರ ನಡೆದದ್ದನ್ನೆಲ್ಲ ಹೇಳಿದಳು. ಪೈಪ್‌ಲೈನು ಹೋದದ್ದನ್ನೂ ಮುಚ್ಚಿಡಲಿಲ್ಲ.

ಮಂಜವ್ವ ಪೂರ್ತಿ ಕೇಳಿದಳು. ಬೈಯಲಿಲ್ಲ. ತುಂಬಿದ ಕೊಡವನ್ನು ಟೊಂಕಕ್ಕೇರಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

“ಆತು ಬಿಡು ತಂಗಿ. ಈ ನೋಡಾಕ ಬರೂ ಮಂದಿ ವಾರಕ್ಕೊಮ್ಮೆರ ಬರ್ತಾರೇನು?”