ಹೊಂಗೆಕೊಪ್ಪಲಿನ ಹೆಚ್ಚುವರಿ ಸಾವುಗಳು

"ಒಳೀಕೆ ಓಗ್ಬ್ಯಾಡಿ ಅಕ್ಕಾ."

ಪಾಂಡವಪುರದ ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ಮಂಜುನಾಥ ಅಡ್ಡ ನಿಂತಿದ್ದ. ಹೊಂಗೆಕೊಪ್ಪಲಿನ ಆಲೆಮನೆ ನಡೆಸುವವನು ಅವನೇ. ಬೆಲ್ಲ ಕಾಯಿಸುವ ಒಲೆಗೆ ಕಬ್ಬಿನ ಸಿಪ್ಪೆ ಸಾಲದೆ ಹಳೆ ಟೈರು ತುಂಬಿಸಿದವನೂ ಅವನೇ. ಮೂರು ವರ್ಷ ಆ ಕಪ್ಪು ಹೊಗೆ ಊರಿನ ಮೇಲೇ ಕೂತಿತ್ತು.

"ದಾರಿ ಬಿಡು ಮಂಜು," ಎಂದಳು ದೀಪಶ್ರೀ.

"ನಿಮ್ ಒಳ್ಳೇದುಕ್ಕೇ ಯೋಳ್ತಾವ್ನಿ. ಇವತ್ತು ಆ ಲೆಕ್ಕ ಒಪ್ಪುಸ್ಬುಟ್ರೆ ನೀವು ಉಳ್ಕಳಕಿಲ್ಲ."

"ಹೆದರಿಸ್ತಿದೀಯಾ?"

"ಟೈರು ನಿಂತು ತಿಂಗ್ಳಾಯ್ತಲ್ಲ. ಇನ್ನೇನ್ ಬೇಕು ನಿಮ್ಗೆ?"

"ಸತ್ತೋರಿಗೆ ಯಾರಾದ್ರೂ ಉತ್ತರ ಹೇಳಬೇಕು."

ಅವನನ್ನು ಬಳಸಿಕೊಂಡು ಅವಳು ಒಳಗೆ ನಡೆದಳು.

ದೀಪಶ್ರೀ ಪಾಂಡವಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಈ ವರ್ಷದ ಬೇಸಿಗೆ ರಜೆಯನ್ನೆಲ್ಲ ಅವಳು ಹೊಂಗೆಕೊಪ್ಪಲಿನ ಬೀದಿಗಳಲ್ಲಿ ಕಳೆದಿದ್ದಳು. ಸ್ಕೂಟರು ನಿಂತ ಸದ್ದಿಗೇ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಬಾಗಿಲು ತೆರೆದವಳು ನಿಂಗಮ್ಮ ಒಬ್ಬಳೇ. ಹಿಂದಿನ ಚಳಿಗಾಲದಲ್ಲಿ ಅವಳ ಗಂಡ ದೇವಯ್ಯ ಕೆಮ್ಮಿ ಕೆಮ್ಮಿ ಸತ್ತಿದ್ದ. ಕೂತುಕೊ ಎಂದು ಅವಳು ಹೇಳಲಿಲ್ಲ. ನೀರೂ ಕೊಡಲಿಲ್ಲ.

"ನೀನೇ ಬಂದು ಸತ್ತೋರ ಎಣುಸ್ತೀಯಲ್ಲವ್ವಾ. ಎಂಥಾ ಗುಂಡ್ಗೆ ನಿಂದು!"

ದೀಪಶ್ರೀ ತಲೆ ತಗ್ಗಿಸಿದಳು. ಆದರೆ ಹೊಸಲು ಬಿಟ್ಟು ಕದಲಲಿಲ್ಲ. "ಅವರಿಗೆ ವಯಸ್ಸೆಷ್ಟಾಗಿತ್ತು?" ಎಂದು ಕೇಳಿದಳು. ನಿಂಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ವಯಸ್ಸು ಹೇಳಿದಳು. ಮಾರನೆಯ ದಿನ ಉಳಿದ ಮನೆಗಳಿಗೆ ತಾನೇ ಕರೆದುಕೊಂಡು ಹೋದಳು.

ಆ ನಿಂಗಮ್ಮ ಈಗ ವಿಚಾರಣೆಯ ಕೋಣೆಯಲ್ಲಿ ಊರವರೊಂದಿಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಂಜುನಾಥ ಮುಂದಿನ ಸಾಲಿನಲ್ಲಿದ್ದ. ವಿಚಾರಣಾಧಿಕಾರಿ ಶಿವಲಿಂಗಯ್ಯ ಜಿಲ್ಲೆಗೆ ಹೊಸಬರು. ಕನ್ನಡಕ ಏರಿಸಿಕೊಂಡು, "ಶುರು ಮಾಡಿ ಮೇಡಂ," ಎಂದರು.

"ಹೊಂಗೆಕೊಪ್ಪಲಿನಲ್ಲಿ ಎರಡು ಸಾವಿರ ಜನ ಇದ್ದಾರೆ ಸರ್. ಎರಡು ಸಾವಿರದ ಹದಿನೈದರಿಂದ ಹತ್ತೊಂಬತ್ತರವರೆಗೆ ವರ್ಷಕ್ಕೆ ಸರಾಸರಿ ಹದಿನಾಲ್ಕು ಜನ ತೀರಿಕೊಂಡರು. ಅಂದರೆ ಸಾವಿರಕ್ಕೆ ಏಳು. ಆಮೇಲಿನ ಎರಡು ವರ್ಷ ಕೊರೊನಾ. ಆ ವರ್ಷಗಳನ್ನು..." ಅವಳ ದನಿ ಒಂದು ಕ್ಷಣ ತಡವರಿಸಿತು. "ಆ ವರ್ಷಗಳನ್ನು ಬಿಟ್ಟಿದ್ದೇನೆ. ಇಪ್ಪತ್ತೆರಡರಲ್ಲಿ ಟೈರು ಸುಡೋದು ಶುರುವಾಯ್ತು. ಅಲ್ಲಿಂದ ಮೂರು ವರ್ಷಕ್ಕೆ ನಲವತ್ತೆರಡು ಸಾವು ಆಗಬೇಕಿತ್ತು. ಆಗಿದ್ದು ಅರವತ್ತಾರು. ಇಪ್ಪತ್ತನಾಲ್ಕು ಹೆಚ್ಚು."

ಮಂಜುನಾಥ ಎದ್ದು ನಿಂತ. "ಸಾಮಿ, ವಯಸ್ಸಾದೋರು ಸಾಯ್ದೆ ಇನ್ನೇನ್ ಮಾಡ್ತಾರೆ?"

"ವಯಸ್ಸಾದೋರು ಮೊದಲೂ ಇದ್ದರು, ಮೊದಲೂ ಸಾಯ್ತಿದ್ದರು," ಎಂದಳು ದೀಪಶ್ರೀ. "ವರ್ಷಕ್ಕೆ ಹದಿನಾಲ್ಕು ಜನ. ಆ ಹದಿನಾಲ್ಕರ ಬಗ್ಗೆ ನನ್ನ ತಕರಾರಿಲ್ಲ."

ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು.

"ಹೊಗೆಯಿಂದಲೇ ಅಂತ ಹೇಗೆ ಹೇಳ್ತೀರಿ?" ಎಂದರು ಶಿವಲಿಂಗಯ್ಯ.

"ಕಾಲುವೆ ಆಚೆ ಇನ್ನೊಂದು ಊರಿದೆ ಸರ್. ಅದೇ ನೀರು, ಅದೇ ಬೇಸಾಯ, ಅದೇ ಆಸ್ಪತ್ರೆ. ಗಾಳಿ ಮಾತ್ರ ಹೊಗೆಯನ್ನ ಆ ಕಡೆ ಒಯ್ಯಲ್ಲ. ಅಲ್ಲಿ ಮೊದಲೂ ಸಾವಿರಕ್ಕೆ ಏಳು, ಈಗಲೂ ಏಳು."

ಅವರು ಪೆನ್ನು ಕೈಗೆತ್ತಿಕೊಂಡರು. "ಹೆಚ್ಚಾಗಿ ಸತ್ತ ಆ ಇಪ್ಪತ್ತನಾಲ್ಕು ಜನ ಯಾರು?"

"ಲೆಕ್ಕ ಅದನ್ನ ಹೇಳಲ್ಲ ಸರ್. ಅರವತ್ತಾರರಲ್ಲಿ ಯಾರಾದರೂ ಆಗಿರಬಹುದು. ಅದಕ್ಕೇ ಅರವತ್ತಾರು ಮನೆಗೂ ಉತ್ತರ ಹೇಳಬೇಕಾಗಿದೆ."

"ನಮ್ ಯಜಮಾನ್ರು ಅದ್ರಾಗವ್ರೆ ಕಣ್ ಸಾಮಿ!" ನಿಂಗಮ್ಮ ಎದ್ದಿದ್ದಳು. "ಲೆಕ್ಕುಕ್ ಗೊತ್ತಿಲ್ದಿದ್ರೆ ಬುಡಿ. ಅವ್ರ್ ಕೆಮ್ಮು ನಂಗ್ ಗೊತ್ತು."

ಯಾರೂ ಅವಳನ್ನು ಕೂರಿಸಲಿಲ್ಲ. ಅವಳು ನಿಂತೇ ಇದ್ದಳು. ಅವಳ ಪಕ್ಕದವರೂ ಒಬ್ಬೊಬ್ಬರಾಗಿ ಎದ್ದು ನಿಂತರು.

ಶಿವಲಿಂಗಯ್ಯ ಪೆನ್ನು ಕೆಳಗಿಟ್ಟರು. "ಟೈರು ಈಗ ನಿಂತಿದೆ ಅಂತ ವರದಿ ಬಂದಿದೆ. ಎಚ್ಚರಿಕೆ ಕೊಟ್ಟು ಮುಗಿಸಬಹುದಲ್ಲ ಮೇಡಂ?"

"ಆಗಲ್ಲ ಸರ್. ಸುಮ್ಮನೆ ನಿಂತರೆ ಆರೋದು ಒಂದೇ ಒಲೆ. ಕೇಸಾದರೆ ಟೈರಿಗೆ ಕೈ ಹಾಕೋಕೆ ಈ ಜಿಲ್ಲೆಯಲ್ಲಿ ಯಾವ ಆಲೆಮನೆಯವರಿಗೂ ಧೈರ್ಯ ಬರಲ್ಲ. ಮಾಲೀಕರ ಮೇಲೆ ಕೇಸು ಆಗಲೇಬೇಕು. ದಂಡ ಕಟ್ಟಿ ಕೈ ತೊಳೆದುಕೊಳ್ಳೋ ಕೇಸಲ್ಲ. ಜೈಲಾಗೋ ಅಂಥದ್ದು."

ಮಂಜುನಾಥ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಬ್ಯಾಡಿ ಅಕ್ಕಾ," ಎಂದ. ಈ ಸಲ ಅವನ ದನಿ ಒಡೆದಿತ್ತು. "ಮನೇಲಿ ಮಗು ಅದೆ. ಅದರ ಮೊಕನಾದ್ರೂ ನೋಡಿ."

"ಆ ಅರವತ್ತಾರು ಮನೆಯಲ್ಲೂ ಮಕ್ಕಳಿದ್ದಾರೆ ಮಂಜು."

ಶಿವಲಿಂಗಯ್ಯ ಕಾಗದ ತಿರುವಿ ಮಂಜುನಾಥನ ಕಡೆ ನೋಡಿದರು. "ಪರವಾನಗಿ ರಂಗಸ್ವಾಮಿ ಅನ್ನೋರ ಹೆಸರಲ್ಲಿದೆ. ಅವರು ಕೊರೊನಾದಲ್ಲಿ ತೀರಿಕೊಂಡರಂತೆ. ಹಾಗಾದರೆ ಈಗ ಮಾಲೀಕರು ನೀವೇನಾ?"

ಮಂಜುನಾಥ ತಿರುಗಿ ದೀಪಶ್ರೀಯ ಕಡೆ ನೋಡಿದ.

"ಅವನು ಸಂಬಳಕ್ಕಿರೋನು ಸರ್," ಎಂದಳು ದೀಪಶ್ರೀ. "ರಂಗಸ್ವಾಮಿಯವರ ಹೆಂಡತಿ ನಾನು. ಆಲೆಮನೆ ನಂದೇ, ಟೈರು ತರಿಸು ಅಂದವಳೂ ನಾನೇ."