ಬಿಳಿ ಉಣ್ಣೆಯ ಗಂಟು

ಮಧ್ಯಾಹ್ನ ಮುದ್ದೆ ಉಂಡು ಬಂದು ಮಗ್ಗದ ಗುಂಡಿಗಿಳಿದ ಕರಿಸಿದ್ದಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ಆ ಬಿಳಿ ಗಂಟು. ಬೆಳಿಗ್ಗೆ ತಾನು ನೇಯ್ದಿದ್ದ ಕರಿ ಕಂಬಳಿಯ ಮೇಲೆ ಯಾರೋ ಚಿಟಿಕೆ ಬಿಳಿ ಉಣ್ಣೆ ಹೊಸೆದು ಕಟ್ಟಿದ್ದರು. ಇದು ಒಂಬತ್ತನೆಯದು. ಅವನು ಆಚೆ ಈಚೆ ನೋಡಿ ಗಂಟನ್ನು ಕಿತ್ತು, ಸೊಂಟದ ಎಲೆಅಡಿಕೆ ಸಂಚಿಗೆ ಸೇರಿಸಿದ. ಹಿಂದಿನ ಎಂಟೂ ಅಲ್ಲೇ ಇದ್ದವು. ಸಮಯ ಬಂದಾಗ ಎಲ್ಲವನ್ನೂ ಸೊಸೈಟಿಯ ಕಾರ್ಯದರ್ಶಿಯ ಮೇಜಿನ ಮೇಲೆ ಸುರಿದು ನ್ಯಾಯ ಕೇಳಬೇಕೆಂದುಕೊಂಡಿದ್ದ.

ಎಪ್ಪತ್ತನಾಲ್ಕನೇ ಇಸವಿಯ ಮಾತು. ಹೊಳಲ್ಕೆರೆಯ ಕಂಬಳಿ ಸೊಸೈಟಿಯ ನಮೂನೆ ಕೋಣೆಯಲ್ಲಿ ಇದ್ದವರೇ ಮೂವರು. ಅಂಚಿನ ಚಿತ್ತಾರವನ್ನು ಚೌಕಳಿ ಕಾಗದದ ಮೇಲೆ ಬರೆಯುವವನು ಈರಬಸಪ್ಪ, ನೂಲುವವಳು ಉಚ್ಚಂಗಮ್ಮ, ನೇಯುವವನು ಕರಿಸಿದ್ದಪ್ಪ. ಸರ್ಕಾರಿ ಹಾಸ್ಟೆಲುಗಳಿಗೆಂದು ಹಗುರವಾದ, ಬಿಳಿ ಅಂಚಿನ ಹೊಸ ಕಂಬಳಿಯೊಂದನ್ನು ಮಾಡಿ ತೋರಿಸಬೇಕಿತ್ತು. ನೋಡಲು ಬರುವ ಇಲಾಖೆಯ ಸಾಹೇಬರು ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಕೋಣೆಗೆ ಬೀಗ. ಕರಿಸಿದ್ದಪ್ಪ ಮೊದಲಿನಂತೆ ಹೆಗಲ ಮೇಲೆ ಕಂಬಳಿ ಹೇರಿಕೊಂಡು ತಾಳ್ಯ, ಬಿ.ದುರ್ಗ ಎಂದು ಸಂತೆ ಸುತ್ತಬೇಕು. ಐವತ್ತು ದಾಟಿದ ಮಂಡಿಗೆ ಅದು ಆಗುವ ಮಾತಲ್ಲ.

ಬಿಳಿ ಉಣ್ಣೆ ಇದ್ದದ್ದು ಈರಬಸಪ್ಪನ ಬುಟ್ಟಿಯಲ್ಲಿ. ದಿನಾ ಸಂಜೆ ಕಾರ್ಯದರ್ಶಿಯ ಜೊತೆ ಕೂತು ಚಹಾ ಕುಡಿಯುವವನೂ ಅವನೇ. ಇನ್ನೇನು ಸಾಕ್ಷಿ ಬೇಕು? ಒಂದು ದಿನ ಅರ್ಧ ಊಟಕ್ಕೇ ಕೈ ತೊಳೆದು ಕಳ್ಳಹೆಜ್ಜೆಯಲ್ಲಿ ಬಂದರೆ, ಆಸಾಮಿ ಮಗ್ಗದ ಮೇಲೆ ಬಗ್ಗಿ ನಿಂತಿದ್ದ. ‘ಅಂಚಿನ ಅಗಲ ಅಳೀತಿದ್ದೆ ಕಣಣ್ಣ’ ಎಂದ. ಗಂಟು ಆಗಲೇ ಬಿದ್ದಿತ್ತು. ತನ್ನ ನೇಯ್ಗೆಯಲ್ಲಿ ಹುಳುಕು ಹುಡುಕಿ, ಗುರುತು ಕಟ್ಟಿ, ಸಾಹೇಬರ ಮುಂದೆ ಬೊಟ್ಟು ಮಾಡುವ ಹುನ್ನಾರ! ಇದ್ದದ್ದನ್ನು ಎದುರಿಗೆ ಹೇಳುವ ಎದೆ ಬೇಡವೇ? ಹೇಳಲು ಕರಿಸಿದ್ದಪ್ಪ ಬಿಟ್ಟವನೂ ಅಲ್ಲವೆನ್ನಿ. ಹಿಂದೊಮ್ಮೆ ಉಚ್ಚಂಗಮ್ಮ ‘ಇಲ್ಲೊಂಚೂರು ನೋಡಪ್ಪ’ ಎಂದದ್ದಕ್ಕೆ, ‘ಮಗ್ಗದಿಂದ ಇಳಿಯೋಗಂಟ ನನ್ನ ಕಂಬಳಿ ಬಗ್ಗೆ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ’ ಎಂದು ಹೆಂಚು ಹಾರುವಂತೆ ಕೂಗಿದ್ದ.

ಕಂಬಳಿ ಮಗ್ಗದಿಂದ ಇಳಿಯಿತು. ಹುಣಸೆ ಬೀಜದ ಗಂಜಿ ತಿಕ್ಕಿ ಬಿಸಿಲಿಗೆ ಒಣಗಿಸಿದ್ದೂ ಆಯಿತು. ಗಂಜಿ ಕುಡಿದ ಕಂಬಳಿ ಹಲಗೆಯಂತೆ ಬಿರುಸಾಯಿತು. ನಾಳೆ ಬೆಳಿಗ್ಗೆ ಸಾಹೇಬರು ಬರುತ್ತಾರೆ, ಎರಡೂ ಕಡೆ ಆಳು ನಿಲ್ಲಿಸಿ ಕಂಬಳಿ ಜಗ್ಗಿಸಿ ನೋಡುತ್ತಾರಂತೆ ಎಂಬ ಸುದ್ದಿ ತಂದವನೂ ಈರಬಸಪ್ಪನೇ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದ ಕರಿಸಿದ್ದಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಸಂಚಿ ಬಿಚ್ಚಿ ಒಂಬತ್ತು ಗಂಟುಗಳನ್ನೂ ಅವನ ಚೌಕಳಿ ಕಾಗದದ ಮೇಲೆ ಸುರಿದ.

“ಏನ್ಲೇ ಈರ, ಯಾರ ಕೆಲ್ಸ ಇದು?”

ಈರಬಸಪ್ಪ ಗಂಟುಗಳನ್ನೂ ಅವನ ಮುಖವನ್ನೂ ನೋಡಿದ. “ಉಣ್ಣೆ ನನ್ನ ಬುಟ್ಟೀದೇ ಕಣಣ್ಣ. ಗಂಟು ನಂದಲ್ಲ.”

“ನಿಂದಲ್ದೆ ದೆವ್ವ ಬಂದು ಕಟ್ತಾ? ಸಾಹೇಬ್ರಿಗೆ ತೋರ್ಸಿ ನನ್ನ ಮನೆಗೆ ಕಳ್ಸಾಣ ಅಂತ ಅಲ್ವೇನ್ಲೇ?”

“ಅವು ನಾನು ಕಟ್ಟಿದ್ದು ಕಣಪ್ಪ,” ಎಂದಳು ಮೂಲೆಯಲ್ಲಿ ನೂಲುತ್ತಿದ್ದ ಉಚ್ಚಂಗಮ್ಮ.

ಕರಿಸಿದ್ದಪ್ಪ ಸಿಟ್ಟನ್ನು ಆ ಕಡೆ ತಿರುಗಿಸುವಷ್ಟರಲ್ಲಿ ಅವಳೇ ಮುಂದುವರಿಸಿದಳು. “ಹೋದ ಆಷಾಡದಾಗೆ ನಂಗೆ ಚಳಿಜ್ವರ ಬಂದಿತ್ತಲ್ಲ, ಆವಾಗ ನೂತ ಎಳೆ ಅಲ್ಲಲ್ಲಿ ಜಾಳಾಗೈತೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗ್ತೈತೆ, ಜಗ್ಗಿದ್ರೆ ಅಲ್ಲೇ ಹರೀತೈತೆ. ನೀನು ಉಣ್ಣಾಕೆ ಹೋದಾಗ ತಡವಿ ನೋಡಿ, ಜಾಳಿರೋ ಕಡೆ ಗುರ್ತು ಕಟ್ಟಿದೆ. ಬಾಯಲ್ಲಿ ಹೇಳಬ್ಯಾಡ ಅಂದಿದ್ಯಲ್ಲ. ಗಂಟು ಇಲ್ದಿದ್ದು ನೋಡಿ, ನೀನು ಸೂಜೀಲಿ ಎರಡೆಳೆ ಸೇರ್ಸಿ ಬಿಗಿ ಮಾಡಿದೀಯ ಅನ್ಕಂಡೆ. ತಪ್ಪು ನಂದಪ್ಪ, ನಿಂದೇನೈತೆ ಇದರಾಗೆ?”

ಕರಿಸಿದ್ದಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕಂಬಳಿಯನ್ನು ದರದರ ಎಳೆದು ತಂದು ಬಾಗಿಲ ಬೆಳಕಿಗೆ ಹರವಿದ. ಈರಬಸಪ್ಪ ಇನ್ನೊಂದು ತುದಿ ಹಿಡಿದ.

“ತಡವಿ ನೋಡಕ್ಕ, ಎಲ್ಲೆಲ್ಲಿ ಅಂತ ಹೇಳು. ಈಗ್ಲೇ ಸೂಜಿ ಹಾಕ್ತೀನಿ.”

ಉಚ್ಚಂಗಮ್ಮ ಕಂಬಳಿಯುದ್ದಕ್ಕೂ ಅಂಗೈ ಆಡಿಸಿದಳು. ಒಮ್ಮೆ ಆಡಿಸಿ, ಮತ್ತೊಮ್ಮೆ ಆಡಿಸಿದಳು. “ಗಂಜಿ ತಿಕ್ಕಿದ ಮ್ಯಾಲೆ ಎಲ್ಲಾ ಒಂದೇ ತರ ಕಣಪ್ಪ. ತೊಳೆದ್ರೆ ಸಿಕ್ತಾವು, ಆದ್ರೆ ಒಣಗಾಕೆ ಎರಡು ದಿನ ಬೇಕು.” ಕಾಗದದ ಮೇಲಿದ್ದ ಗಂಟುಗಳನ್ನು ಬಳಿದುಕೊಂಡು ಬಂದು ಅವನ ಕೈಗೆ ಹಾಕಿದಳು. “ಕಿತ್ತೋನು ನೀನೇ ಅಲ್ವಾ? ಯಾವ್ದು ಎಲ್ಲಿತ್ತು, ಇಟ್ಟು ತೋರ್ಸು.”

ಕರಿಸಿದ್ದಪ್ಪ ಒಂದು ಗಂಟನ್ನು ಬೆರಳಲ್ಲಿ ಹಿಡಿದು ಬಗ್ಗಿದ. ಕಂಬಳಿ ಈ ಬಿಳಿ ಅಂಚಿನಿಂದ ಆ ಬಿಳಿ ಅಂಚಿನವರೆಗೂ ಒಂದೇ ಸಮ ಕಪ್ಪಗಿತ್ತು.