ಉಗುಳಬಾರದು

"ಛೀ, ಕೈ ತೆಗಿಯಮ್ಮಾ! ಮೊದಲು ಬಾಯಿ ಮುಚ್ಚು. ಹಲ್ಲುಜ್ಜೋಕೆ ನಿಮ್ಮ ಹಟ್ಟಿಯಲ್ಲಿ ನೀರು ಬರೋದಿಲ್ಲವಾ? ನಾತ ಬಾಗಿಲ ತನಕ ಹೊಡೀತದೆ!"

ಹಲ್ಲಿನ ಡಾಕ್ಟರು ಮನೋಜ್‌ಕುಮಾರ್ ಇದನ್ನು ಹೇಳಿದ್ದು ತಮಿಳಿನಲ್ಲಿ, ಊಟಿಯ ತನ್ನ ಕ್ಲಿನಿಕ್ಕಿನ ಬೆಂಚುಗಳ ತುಂಬ ಕೂತಿದ್ದ ಜನರ ಎದುರು. ರಂಗಿ ಮಾಡಿದ್ದಾದರೂ ಏನು? ಒಳಗಿನಿಂದ ಬಂದವನ ಮುಖ ನೋಡಿ, "ನೀನು ನಮ್ಮ ಪಕ್ಕದ ಹಟ್ಟಿ ಹಾಲಣ್ಣನ ಮೊಮ್ಮಗ ಅಲ್ಲವಾ ಮಗಾ?" ಎಂದು ನೀಲಗಿರಿಯ ತಮ್ಮ ಬಡಗ ಜನರ ಮಾತಿನಲ್ಲಿ ಕೇಳಿ, ಅವನ ತಲೆ ಮುಟ್ಟಲು ಕೈ ಎತ್ತಿದ್ದಳು. ದೊಡ್ಡವರು ಎದುರಾದರೆ ಚಿಕ್ಕವರು ತಲೆ ಬಗ್ಗಿಸಬೇಕು, ದೊಡ್ಡವರು ತಲೆ ಮೇಲೆ ಕೈಯಿಟ್ಟು ಹರಸಬೇಕು. ಅವರ ಜನರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಅಷ್ಟೆ, ಬೇಲಿ ಜಗಳ ಆಡಿಕೊಂಡಿದ್ದರೂ ಅಷ್ಟೆ.

ಎತ್ತಿದ ಕೈಯನ್ನು ರಂಗಿ ಶಾಲಿನೊಳಗೆ ಎಳೆದುಕೊಂಡಳು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಪಕ್ಕದಲ್ಲಿ ಖಾಕಿ ಅಂಗಿಯಲ್ಲೇ ನಿಂತಿದ್ದ ಮಗ, ಟೀ ಎಲೆ ಲಾರಿಯ ಡ್ರೈವರ್ ಸರವಣನಿಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಅವ್ವೆ ವಯಸ್ಸಿನವಳು ಸಾರ್ ಅವಳು! ಕೀವಾದ ಹಲ್ಲು ನಾತ ಹೊಡೀದೆ ಮಲ್ಲಿಗೆ ವಾಸನೆ ಹೊಡೀತದಾ?"

"ಡ್ರೈವರಾ ನೀನು? ಈ ಜೋರೆಲ್ಲ ನಿನ್ನ ಎಲೆ ಲಾರಿ ಹತ್ರ ಇಟ್ಕೋ. ಹೊರಗೆ ನಡಿ." ಡಾಕ್ಟರು ರಂಗಿಯ ಕಡೆ ತಿರುಗಿದ. "ನಾನು ತೆಗಿ ಅಂದಾಗ ಮಾತ್ರ ಬಾಯಿ ತೆಗೀಬೇಕು. ತಿಳೀತಾ?"

"ಬಿಡು ಮಗಾ, ನೋವು ಹೋದರೆ ಸಾಕು" ಎಂದಳು ರಂಗಿ, ಬಾಯಿಗೆ ಶಾಲು ಅಡ್ಡ ಹಿಡಿದು.

ಸರವಣ ಬಾಗಿಲನ್ನು ಧಡಾರನೆ ತಳ್ಳಿ ಹೊರಗೆ ಬಂದ. ಇನ್ನೊಂದು ಗಳಿಗೆ ಅಲ್ಲಿದ್ದರೆ ಆ ಬಿಳಿ ಕೋಟಿನ ಕಾಲರು ಅವನ ಮುಷ್ಟಿಯಲ್ಲಿರುತ್ತಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಇಂಥ ಮಾತು ಅವನು ಕಂಡವರ ಬಾಯಲ್ಲೆಲ್ಲ ಕೇಳಿದ್ದಾನೆ. ಆದರೆ ಅವ್ವೆಗೆ? ಎದುರಂಗಡಿಯಲ್ಲಿ ಟೀ ಹೇಳಿದ, ಕುಡಿಯಲಿಲ್ಲ. ದವಡೆ ಬಿಗಿದುಕೊಂಡು, ರಸ್ತೆಗಿಳಿಯುತ್ತಿದ್ದ ಮಂಜನ್ನೇ ನುಂಗುವವನ ಹಾಗೆ ದಿಟ್ಟಿಸುತ್ತ ನಿಂತ. ಟೀ ಮೇಲೆ ಕೆನೆ ಕಟ್ಟಿತು. ಆಗ ನೆನಪಾಯಿತು. ಲಾರಿ ಬಿಟ್ಟು ಅವ್ವೆಯ ಜೊತೆ ಅವನು ಬಂದಿದ್ದೇ ಒಂದು ಮಾತು ಹೇಳುವುದಕ್ಕೆ! ಕೊಯಮತ್ತೂರಿನಲ್ಲಿ ಹೃದಯದ ಆಪರೇಷನ್ ಆದಂದಿನಿಂದ ಅವಳು ರಕ್ತ ಹೆಪ್ಪುಗಟ್ಟದಿರಲು ದಿನಾ ಮಾತ್ರೆ ನುಂಗುತ್ತಾಳೆ. ಹಲ್ಲು ಕೀಳಿಸುವುದಿದ್ದರೆ ಮೊದಲು ಆ ಮಾತ್ರೆ ವಿಷಯ ಹೇಳು, ಮರೆತೀಯಾ ಜೋಕೆ ಎಂದು ಅಲ್ಲಿನವರು ಅವನಿಗೇ ಹೇಳಿ ಕಳಿಸಿದ್ದರು.

ಓಡಿದ. ರಂಗಿ ಅಷ್ಟರಲ್ಲಿ ಹಲ್ಲು ಕೀಳಿಸಿಕೊಂಡು ಹೊರಗೆ ಬಂದಾಗಿತ್ತು, ಒಂದು ಕಡೆ ತುಟಿ ಜೋತು, ಹತ್ತಿ ಕಚ್ಚಿಕೊಂಡು. ಕೆಲಸದ ಹುಡುಗಿ ಸಿಂಧುಜಾ ದಿನಾ ಹೇಳುವುದನ್ನೇ ಒದರುತ್ತಿದ್ದಳು: "ಅರ್ಧ ಗಂಟೆ ಹತ್ತಿ ಬಿಡಬಾರದು. ಮಾತಾಡಬಾರದು, ಉಗುಳಬಾರದು, ಬಿಸಿ ಕುಡೀಬಾರದು. ಐಸ್‌ಕ್ರೀಮ್ ಕೊಡಿ. ಮುಂದಿನವರು ಬನ್ನಿ!"

"ಅವ್ವೆ, ಮಾತ್ರೆ ವಿಷಯ ಹೇಳಿದೆಯಾ?"

ರಂಗಿ ಹೂಂ ಎಂದು ತಲೆಯಾಡಿಸಿ, ಅವನ ತೋಳು ಹಿಡಿದು ಬಾಗಿಲ ಕಡೆ ಎಳೆದಳು. ಅಲ್ಲಿಂದ ಹೊರಟರೆ ಸಾಕಾಗಿತ್ತು ಅವಳಿಗೆ. ಸದ್ಯ ಎಂದುಕೊಂಡ ಸರವಣ. ಬಸ್ಸಿನಲ್ಲಿ ತಮ್ಮೂರು ತುಮ್ಮನಟ್ಟಿ ಬರುವ ತನಕ ಅವಳ ಗಂಟಲು ಗುಳುಕ್ ಗುಳುಕ್ ಎನ್ನುತ್ತಲೇ ಇತ್ತು. ಎಂಜಲು ನುಂಗುತ್ತಿದ್ದಾಳೆ ಎಂದುಕೊಂಡ.

ಮಧ್ಯಾಹ್ನ ಅವಳು ಮನೆಯ ಮುಂದೆ ಕೂತು ವಾಂತಿ ಮಾಡಿದಳು. ಕಪ್ಪನೆ ರಕ್ತ, ಗಡ್ಡೆ ಗಡ್ಡೆ.

"ಇಷ್ಟು ರಕ್ತ ಬರ್ತಿದ್ದರೆ ಉಗುಳೋದಲ್ಲವಾ ಅವ್ವೆ!"

"ಉಗುಳಬಾರದು ಅಂದಳಲ್ಲಾ ಆ ಹುಡುಗಿ."

"ಮಾತ್ರೆ ವಿಷಯ? ನಿಜ ಹೇಳು."

"ಬೇರೆ ಮಾತ್ರೆ ಉಂಟಾ ಅಂತ ಕೇಳಿದ. ಬಾಯಿ ತೆಗೆದರೆ ನಾತ ಬರ್ತದಲ್ಲಾ ಮಗಾ... ಇಲ್ಲ ಅಂತ ತಲೆ ಆಡಿಸಿಬಿಟ್ಟೆ." ಇಷ್ಟನ್ನೂ ಅವಳು ಶಾಲು ಅಡ್ಡ ಹಿಡಿದೇ ಹೇಳಿದಳು. ಶಾಲು ತೊಪ್ಪೆಯಾಗಿತ್ತು.

ಊಟಿಯ ಸರ್ಕಾರಿ ಆಸ್ಪತ್ರೆಗೆ ತರುವಷ್ಟರಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು. ಎರಡು ಬಾಟಲಿ ರಕ್ತ ಏರಿಸಿ, ಇನ್ನು ಕೊಯಮತ್ತೂರಿಗೇ ಒಯ್ಯಿರಿ, ಉಳಿಯುತ್ತಾಳೆ ಅಂತ ಹೇಳೋಕಾಗಲ್ಲ ಎಂದರು. ಸ್ಟ್ರೆಚರು ಬಾಗಿಲು ದಾಟುವಾಗ ಮನೋಜ್‌ಕುಮಾರ್ ಏದುಸಿರು ಬಿಡುತ್ತ ಬಂದ. ಆಸ್ಪತ್ರೆಯವರು ಫೋನು ಮಾಡಿದ್ದರಂತೆ. ಬಿಳಿ ಕೋಟಿಲ್ಲ, ಬೆಳಗಿನ ತಮಿಳೂ ಇಲ್ಲ. ಹುಟ್ಟಿದ ಮನೆಯ ಮಾತು ಈಗ ಅವನ ಬಾಯಿಗೆ ಬಂದಿತ್ತು.

"ಅವ್ವೆ..." ಎನ್ನುತ್ತ ಅವನು ಸ್ಟ್ರೆಚರಿನ ಪಕ್ಕ ನಿಂತು, ರಂಗಿಯ ಕೈಯ ಹತ್ತಿರಕ್ಕೆ ತಲೆ ಬಗ್ಗಿಸಿದ. ತಲೆ ಎತ್ತದೆಯೇ ಸರವಣನಿಗೆ ಹೇಳಿದ: "ನಾನು ಕೇಳಿದ್ದೆ ತಮ್ಮಾ. ಇಲ್ಲ ಅಂದರು. ನೀನು ಜೊತೆಗೇ ಇದ್ದೆಯಲ್ಲಾ, ನೀನಾದರೂ ಹೇಳಬಾರದಿತ್ತಾ?"

ರಂಗಿಯ ಕೈ ಸ್ಟ್ರೆಚರಿನ ಅಂಚಿನಲ್ಲಿ ಜೋತುಬಿದ್ದಿತ್ತು. ಬಗ್ಗಿದ ಆ ತಲೆಗೂ ಅದಕ್ಕೂ ನಡುವೆ ಗೇಣಷ್ಟೂ ಜಾಗವಿರಲಿಲ್ಲ. ಸರವಣ ಆ ತಣ್ಣನೆ ಕೈಯನ್ನು ಎತ್ತಿಕೊಂಡ, ಮೆಲ್ಲಗೆ ಅವ್ವೆಯ ಶಾಲಿನೊಳಗೆ ಸೇರಿಸಿದ, ಸ್ಟ್ರೆಚರು ತಳ್ಳಿಕೊಂಡು ಆಂಬುಲೆನ್ಸಿನ ಕಡೆ ನಡೆದುಬಿಟ್ಟ.